ದಾವೆಯಲ್ಲಿ ತಪ್ಪು ಕಂಡರೆ: ತಿದ್ದುಪಡಿ ಕೇಳುವುದೋ, ವಾಪಸ್ ಪಡೆಯುವುದೋ, ಹೊಸ ದಾವೆ ಹಾಕುವುದೋ?

ದಾವೆಯಲ್ಲಿನ ತಪ್ಪು ಕಣ್ಣಿಗೆ ಬೀಳುವುದು ಹೆಚ್ಚಾಗಿ ತಡವಾಗಿಯೇ. ಎದುರು ಪಕ್ಷದವರು ಲಿಖಿತ ಹೇಳಿಕೆ ಹಾಕಿದ ಮೇಲೆ, ಇಲ್ಲವೇ ಕೋರ್ಟ್ ಕಮಿಷನರ್ ಸರ್ವೆಯರನ್ನು ಕರೆದುಕೊಂಡು ಜಾಗಕ್ಕೆ ಬಂದ ಮೇಲೆ. ಆಗ ನೋಡಿದರೆ ಷೆಡ್ಯೂಲಿನಲ್ಲಿ ಹಿಸ್ಸೆ ನಂಬರ್ ತಪ್ಪಿರುತ್ತದೆ. 12 ಸೆಂಟ್ಸ್ ಅಂತ ಬರೆದದ್ದು ಅಳತೆಗೆ ಹತ್ತೂವರೆಯೇ ಬರುತ್ತದೆ. ತಡೆಯಾಜ್ಞೆ ಕೇಳಿದ್ದೇವೆ, ಹಕ್ಕಿನ ಘೋಷಣೆ ಕೇಳಿಯೇ ಇಲ್ಲ. ಪಾಲಿನ ದಾವೆಯಲ್ಲಿ ಕಾಪುವಿನ ಮನೆ ಸೇರಿದೆ, ಕಟಪಾಡಿಯ ಗದ್ದೆ ಬಿಟ್ಟುಹೋಗಿದೆ.

ಮಂಗಳೂರಾಗಲಿ, ಉಡುಪಿಯಾಗಲಿ, ಕೋರ್ಟಿನ ವರಾಂಡದಲ್ಲಿ ಇದಕ್ಕೆ ಸಿಗುವ ಸಲಹೆ ಎರಡೇ ಬಗೆ. 'ಒಂದು ಅಮೆಂಡ್‌ಮೆಂಟ್ ಅರ್ಜಿ ಹಾಕಿಬಿಡಿ' ಎನ್ನುವವರು ಕೆಲವರು. 'ಇದನ್ನು ವಾಪಸ್ ತೆಗೆದು ಹೊಸದಾಗಿ ಹಾಕುವ' ಎನ್ನುವವರು ಇನ್ನು ಕೆಲವರು. ನಿಜಕ್ಕೂ ದಾರಿಗಳು ಎರಡಕ್ಕಿಂತ ಜಾಸ್ತಿ ಇವೆ. ಕೆಲವೊಮ್ಮೆ ಏನೂ ಮಾಡದೆ ಮುಂದೆ ಹೋಗುವುದೇ ಸರಿ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಾಕ್ಷಿ ವಿಚಾರಣೆಗೆ ಮೊದಲು ಕೇಳುವ ತಿದ್ದುಪಡಿಗಿಂತ ಒಳ್ಳೆಯ ದಾರಿ ಬೇರೆ ಇಲ್ಲ. ತಡವಾದರೂ ಅದು ವಾಪಸ್ ಪಡೆಯುವುದಕ್ಕಿಂತ ಕಡಿಮೆ ಅಪಾಯದ್ದು. ಅಪವಾದಗಳಿವೆ, ಅವನ್ನೂ ಹೇಳುತ್ತೇನೆ.

ಬಿಟ್ಟುಹೋದದ್ದು ಏನು?

ಬಿಟ್ಟುಹೋದದ್ದು ದಾಖಲೆಯೋ, ವ್ಯಕ್ತಿಯೋ, ಸಂಗತಿಯೋ, ಕೇಳಬೇಕಾದ ಪರಿಹಾರವೋ? ಒಂದೊಂದಕ್ಕೂ ಕಾನೂನಿನಲ್ಲಿ ಬೇರೆ ಬಾಗಿಲು.

ದಾಖಲೆ ಮಾತ್ರ ಬಿಟ್ಟುಹೋಗಿದ್ದರೆ ತಿದ್ದುಪಡಿ ಬೇಡ. ವಾದಪತ್ರದಲ್ಲಿ ಸಂಗತಿ ಬರೆದರೆ ಸಾಕು, ಸಾಕ್ಷ್ಯ ಬರೆಯಬೇಕಾಗಿಲ್ಲ ಎನ್ನುತ್ತದೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 6 ರೂಲ್ 2. ಅಜ್ಜನಿಗೆ ಜಾಗ ಭೂನ್ಯಾಯ ಮಂಡಳಿಯಿಂದ ಬಂತು ಅಂತ ಬರೆದಿದ್ದೀರಿ, ಮಂಡಳಿಯ ಆದೇಶದ ನಕಲು ಹಾಕಿಲ್ಲ ಎಂದಿಟ್ಟುಕೊಳ್ಳಿ. ಆರ್ಡರ್ 7 ರೂಲ್ 14(3)ರ ಕೆಳಗೆ ಕೋರ್ಟಿನ ಅನುಮತಿ ಕೇಳಿ ನಕಲನ್ನು ಹಾಜರುಪಡಿಸಬಹುದು. ಪ್ರತಿವಾದಿಗೆ ಇದೇ ಅವಕಾಶ ಆರ್ಡರ್ 8 ರೂಲ್ 1ಎ(3)ರಲ್ಲಿ ಇದೆ. ಇಷ್ಟಕ್ಕೆ ತಿದ್ದುಪಡಿ ಅರ್ಜಿ ಹಾಕಿ ಎದುರಿನವರಿಗೆ ತಕರಾರು ಮಾಡಲು ಸುಮ್ನೆ ಒಂದು ಅವಕಾಶ ಯಾಕೆ ಕೊಡಬೇಕು?

ವ್ಯಕ್ತಿ ಬಿಟ್ಟುಹೋಗಿದ್ದರೆ ಆರ್ಡರ್ 1 ರೂಲ್ 10. ಇಲ್ಲಿ ಲಿಮಿಟೇಶನ್ ಕಾಯ್ದೆಯ, ಅಂದರೆ ಕಾಲಮಿತಿ ಕಾಯ್ದೆಯ, ಸೆಕ್ಷನ್ 21 ನೆನಪಿರಲಿ. ಹೊಸದಾಗಿ ಸೇರಿದವರ ಮಟ್ಟಿಗೆ ದಾವೆ ಶುರುವಾದದ್ದು ಅವರನ್ನು ಸೇರಿಸಿದ ದಿನ ಎಂದೇ ಲೆಕ್ಕ. ಒಳ್ಳೆಯ ನಂಬಿಕೆಯಿಂದ ಆದ ತಪ್ಪು ಎಂದು ಕೋರ್ಟಿಗೆ ಅನಿಸಿದರೆ ಮಾತ್ರ ಹಿಂದಿನ ದಿನಾಂಕ ಕೊಡಬಹುದು. ಪಕ್ಷಗಾರರೊಬ್ಬರು ತೀರಿಕೊಂಡಿದ್ದರೆ ಆರ್ಡರ್ 22: ವಾರಸುದಾರರನ್ನು ತರಲು 90 ದಿನ, ತಪ್ಪಿ ದಾವೆ ಅಬೇಟ್ ಆದರೆ, ಅಂದರೆ ತಾನಾಗಿಯೇ ನಿಂತುಹೋದರೆ, ಅದನ್ನು ರದ್ದು ಮಾಡಿಸಲು ಇನ್ನು 60 ದಿನ. ಮಕ್ಕಳಲ್ಲಿ ಒಬ್ಬರು ಮುಂಬೈ, ಇನ್ನೊಬ್ಬರು ದುಬೈ ಎಂಬುದು ನಮ್ಮ ಕರಾವಳಿಯ ಮನೆಗಳ ಸಾಮಾನ್ಯ ಕಥೆ. ವಿಳಾಸ ಹುಡುಕುವಷ್ಟರಲ್ಲೇ ಈ 90 ದಿನ ಮುಗಿದುಹೋಗುತ್ತದೆ.

ತೀರ್ಪು, ಡಿಕ್ರಿ ಆದ ಮೇಲೆ ಅಂಕಿಯಲ್ಲೋ ಹೆಸರಿನಲ್ಲೋ ಬರವಣಿಗೆಯ ತಪ್ಪು ಕಂಡರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 152 ಇದೆ. ಅದರಲ್ಲಿ ಕೈತಪ್ಪನ್ನು ಮಾತ್ರ ಸರಿಮಾಡಬಹುದು, ಹೊಸ ಹಕ್ಕು ಕೇಳಲು ಆಗುವುದಿಲ್ಲ.

ಇವೆಲ್ಲ ಬಿಟ್ಟು ಉಳಿದದ್ದು ಸಂಗತಿ, ಪರಿಹಾರ ಮತ್ತು ಆಸ್ತಿಯ ವಿವರ. ಹೇಳದೇ ಇದ್ದ ಸಂಗತಿಗೆ ಎಷ್ಟು ಸಾಕ್ಷ್ಯ ಕೊಟ್ಟರೂ ಕೋರ್ಟ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ತಿದ್ದುಪಡಿ ಬೇಕೋ ಬೇಡವೋ ಎಂಬ ಪ್ರಶ್ನೆ ನಿಜವಾಗಿ ಹುಟ್ಟುವುದು ಇಲ್ಲೇ.

ಚೀಫ್ ಅಫಿಡವಿಟ್‌ಗೆ ಮೊದಲೋ, ಆಮೇಲೋ?

ತಿದ್ದುಪಡಿಯ ನಿಯಮ ಆರ್ಡರ್ 6 ರೂಲ್ 17. ಎರಡು ಕಡೆಯವರ ನಡುವಿನ ನಿಜವಾದ ವಿವಾದ ತೀರ್ಮಾನಿಸಲು ಬೇಕಾದ ತಿದ್ದುಪಡಿಯನ್ನು ಯಾವ ಹಂತದಲ್ಲಾದರೂ ಕೊಡಬಹುದು ಎಂಬುದು ಅದರ ಮೊದಲ ಭಾಗ. ದಾವೆಗಳು ತಿದ್ದುಪಡಿಯಲ್ಲೇ ಎಳೆದಾಡುತ್ತವೆ ಎಂದು 1999ರ ಕಾಯ್ದೆ ಈ ರೂಲನ್ನೇ ತೆಗೆದುಹಾಕಿತ್ತು. ವಕೀಲರಿಂದ ಭಾರಿ ವಿರೋಧ ಬಂತು. 2002ರ ಕಾಯ್ದೆ ಅದನ್ನು ವಾಪಸ್ ತಂದಿತು, ಆದರೆ ಒಂದು ಷರತ್ತಿನ ಜೊತೆ. ವಿಚಾರಣೆ ಶುರುವಾದ ಮೇಲೆ ತಿದ್ದುಪಡಿ ಇಲ್ಲ. ಎಷ್ಟು ಎಚ್ಚರ ವಹಿಸಿದ್ದರೂ ಈ ವಿಷಯವನ್ನು ಮೊದಲೇ ಎತ್ತಲು ಆಗುತ್ತಿರಲಿಲ್ಲ ಎಂದು ಕೋರ್ಟಿಗೆ ಮನವರಿಕೆಯಾದರೆ ಮಾತ್ರ ಉಂಟು. ಇದು ಜಾರಿಗೆ ಬಂದದ್ದು 2002ರ ಜುಲೈ 1ರಂದು. ಅದಕ್ಕೂ ಮೊದಲು ಹಾಕಿದ ವಾದಪತ್ರಗಳಿಗೆ ಈ ಷರತ್ತು ಇಲ್ಲ. ಅಷ್ಟು ಹಳೆಯ ದಾವೆ ನಿಮ್ಮ ಮನೆಯಲ್ಲಿ ಇನ್ನೂ ನಡೆಯುತ್ತಿದ್ದರೆ ಅದೊಂದು ಅನುಕೂಲ ಅನ್ನಿ.

ವಿಚಾರಣೆ ಶುರುವಾಗುವುದು ಯಾವಾಗ? ಸುಪ್ರೀಂ ಕೋರ್ಟಿನ ತೀರ್ಪುಗಳು ಒಂದೇ ಮಾತು ಹೇಳಿಲ್ಲ. 2006ರ ಅಜೇಂದ್ರಪ್ರಸಾದ್‌ಜಿ ಪಾಂಡೆ ಪ್ರಕರಣದಲ್ಲಿ ವಿವಾದಾಂಶ, ಅಂದರೆ ಇಶ್ಯೂ ರಚನೆಯಾದಾಗ ಎಂಬ ನೋಟವಿದೆ. 2009ರ ವಿದ್ಯಾಬಾಯಿ ಪ್ರಕರಣದಲ್ಲಿ ಸಾಕ್ಷಿಯ ಮುಖ್ಯ ವಿಚಾರಣೆಯ ಅಫಿಡವಿಟ್, ಅಂದರೆ ಚೀಫ್ ಅಫಿಡವಿಟ್, ಸಲ್ಲಿಕೆಯಾದಾಗ ಎಂದಿದೆ. ನಮ್ಮಲ್ಲಿ ಹೆಚ್ಚಾಗಿ ವಾದಿಸುವುದು ಎರಡನೆಯದರ ಮೇಲೆ. ಪಕ್ಷಗಾರರಿಗೆ ನನ್ನ ಸಲಹೆ ಬೇರೆ: ಇಶ್ಯೂ ಆದ ದಿನವೇ ಕೊನೆಯ ದಿನ ಎಂದುಕೊಂಡು ವಾದಪತ್ರವನ್ನು ಮತ್ತೊಮ್ಮೆ ಓದಿ. ಚೀಫ್ ಅಫಿಡವಿಟ್ ಟೈಪ್ ಆಗುವಾಗ ಎಲ್ಲರೂ ಕಡತ ಬಿಡಿಸಿ ನೋಡುತ್ತಾರೆ, ತಪ್ಪು ಕಾಣುವುದೂ ಆಗಲೇ. ಅದನ್ನು ಸಲ್ಲಿಸುವ ಮೊದಲು ತಿದ್ದುಪಡಿ ಅರ್ಜಿ ಹೋಗಬೇಕು. ಎರಡೂ ಒಂದೇ ದಿನ ಹೋದರೂ ಎದುರು ವಕೀಲರಿಗೆ ಒಂದು ವಾದ ಸಿಕ್ಕಿಬಿಡುತ್ತದೆ.

ಗೆರೆ ದಾಟಿದ ಮೇಲೆ ಎಲ್ಲ ನಿಂತಿರುವುದು ನಿಮ್ಮ ಕಾರಣದ ಮೇಲೆ. 'ಹಿಂದಿನ ವಕೀಲರು ಬರೆಯಲು ಬಿಟ್ಟರು' ಎಂಬ ಕಾರಣ ಹೆಚ್ಚು ದೂರ ನಡೆಯುವುದಿಲ್ಲ. 'ಕಣ್ತಪ್ಪಿನಿಂದ' ಎಂಬ ಒಂದೇ ಪದವೂ ಅಷ್ಟೇ. ದಾವೆ ಹಾಕಿದ ಮೇಲೆ ನಡೆದ ಘಟನೆ, ಕಮಿಷನರ್ ವರದಿಯಲ್ಲಿ ಮೊದಲ ಸಲ ಕಂಡ ಒತ್ತುವರಿ, ಅರ್ಜಿ ಕೊಟ್ಟು ತಿಂಗಳುಗಟ್ಟಲೆ ಕಾದ ಬಳಿಕ ಸಿಕ್ಕಿದ ಹಳೆಯ ಕಡತ: ಇಂಥವು ನಿಲ್ಲುತ್ತವೆ. ಆಗಲೂ ಅರ್ಜಿ ಕೊಟ್ಟ ದಿನಾಂಕ, ನಕಲು ಸಿಕ್ಕಿದ ದಿನಾಂಕ ಎರಡನ್ನೂ ಅಫಿಡವಿಟ್‌ನಲ್ಲಿ ಬರೆದು, ನಕಲಿನ ಮೇಲಿನ ಸೀಲನ್ನು ತೋರಿಸಬೇಕು.

ತಿದ್ದುಪಡಿ ಮತ್ತು ವಾಪಸಾತಿ

ನಮ್ಮ ಕಡೆ ಅತಿ ಹೆಚ್ಚು ಕಾಣುವ ಪ್ರಸಂಗ ಇಟ್ಟುಕೊಂಡೇ ಹೋಲಿಸೋಣ. ಬ್ರಹ್ಮಾವರದ ಕಡೆ ಒಂದು ಮನೆ ಜಾಗ. ಪಕ್ಕದವರು ಗಡಿಯ ಅಗಳನ್ನು ಮುಚ್ಚಿ ಒಳಗೆ ಬರುತ್ತಿದ್ದಾರೆ ಎಂದು ಬರೇ ಶಾಶ್ವತ ತಡೆಯಾಜ್ಞೆಯ ದಾವೆ ಹಾಕಲಾಗಿದೆ. ತಾತ್ಕಾಲಿಕ ತಡೆಯಾಜ್ಞೆಯೂ ಸಿಕ್ಕಿದೆ. ಲಿಖಿತ ಹೇಳಿಕೆಯಲ್ಲಿ ಎದುರಿನವರು, 'ಆ ಜಾಗ ಅವರದ್ದೇ ಅಲ್ಲ, ನಮ್ಮ ವರ್ಗಕ್ಕೆ (ಹಿಡುವಳಿಗೆ) ಸೇರಿದ್ದು' ಎಂದರು. ಅಲ್ಲಿಗೆ ಹಕ್ಕಿನ ಮೇಲೆ ಮೋಡ ಬಂತು. ಹೀಗೆ ಹಕ್ಕೇ ವಿವಾದವಾದಾಗ ಬರೇ ತಡೆಯಾಜ್ಞೆ ಸಾಲದು, ಘೋಷಣೆಯನ್ನೂ ಕೇಳಬೇಕು, ಸ್ವಾಧೀನ ಹೋಗಿದ್ದರೆ ಅದನ್ನೂ ಕೇಳಬೇಕು ಎಂದು ಸುಪ್ರೀಂ ಕೋರ್ಟಿನ 2008ರ ಅನಾತುಲ ಸುಧಾಕರ್ ತೀರ್ಪು ಬಿಡಿಸಿ ಹೇಳಿದೆ. ಇದನ್ನು ಕಡೆಗಣಿಸಿ ಕೊನೆಯವರೆಗೆ ನಡೆದು ಸೋತ ದಾವೆಗಳಿಗೆ ಲೆಕ್ಕವಿಲ್ಲ.

ಈಗ ಮೊದಲ ದಾರಿ, ತಿದ್ದುಪಡಿ. ಘೋಷಣೆಯ ಪರಿಹಾರ ಸೇರಿಸಲು ರೂಲ್ 17ರ ಅರ್ಜಿ. ಒಪ್ಪಿದರೆ ಸಾಮಾನ್ಯವಾಗಿ ತಿದ್ದುಪಡಿ ದಾವೆ ಹಾಕಿದ ದಿನದಿಂದಲೇ ಇತ್ತು ಎಂದು ಲೆಕ್ಕ. ಕೈಯಲ್ಲಿರುವ ತಡೆಯಾಜ್ಞೆ ಹಾಗೇ ಉಳಿಯುತ್ತದೆ. ದಾವೆಯ ನಂಬರ್ ಅದೇ, ಆಗಿರುವ ಕಮಿಷನರ್ ವರದಿಯೂ ಉಳಿಯುತ್ತದೆ. ಖರ್ಚು ಬರುವುದು ಕೋರ್ಟ್ ಶುಲ್ಕದಲ್ಲಿ. ಕರ್ನಾಟಕದ 1958ರ ಕೋರ್ಟ್ ಶುಲ್ಕ ಕಾಯ್ದೆಯ ಸೆಕ್ಷನ್ 24ರಂತೆ ಘೋಷಣೆ ಮತ್ತು ತಡೆಯಾಜ್ಞೆ ಕೇಳಿದರೆ ಆಸ್ತಿಯ ಮಾರುಕಟ್ಟೆ ಬೆಲೆಯ ಅರ್ಧದ ಮೇಲೆ ಶುಲ್ಕ. ಘೋಷಣೆಯ ಜೊತೆ ಸ್ವಾಧೀನ ಕೇಳಿದರೆ ಪೂರ್ತಿ ಬೆಲೆಯ ಮೇಲೆ. ಕಂದಾಯ ಕಟ್ಟುವ ಕೃಷಿ ಭೂಮಿಗೆ ಈ ಹೊರೆ ಹಗುರ. ಕನ್ವರ್ಶನ್ ಆದ ಜಾಗ, ಅದರಲ್ಲೂ ಮಂಗಳೂರು ನಗರದೊಳಗಿನದ್ದಾದರೆ ಮೊತ್ತ ಕೇಳಿ ಒಮ್ಮೆ ಕುಳಿತುಕೊಳ್ಳಬೇಕಾಗುತ್ತದೆ. ಬೆಲೆ ಏರಿದಾಗ ಕಿರಿಯ ಸಿವಿಲ್ ನ್ಯಾಯಾಧೀಶರ ಹಣದ ಮಿತಿ ದಾಟಿ, ವಾದಪತ್ರ ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ ಹೋಗಬೇಕಾಗಿ ಬರಬಹುದು. ತಿದ್ದುಪಡಿ ಕೇಳುವ ಮೊದಲೇ ಈ ಲೆಕ್ಕ ಹಾಕಿಸಿಕೊಳ್ಳಿ.

ಎರಡನೆಯದು, ಆರ್ಡರ್ 23 ರೂಲ್ 1(3)ರ ಕೆಳಗೆ ಹೊಸ ದಾವೆ ಹಾಕುವ ಅನುಮತಿ ಪಡೆದು ಇದನ್ನು ವಾಪಸ್ ಪಡೆಯುವುದು. ಕೇಳಲು ಹಿತವಾಗಿದೆ, ಹೊಸ ಪಾಟಿಯಲ್ಲಿ ಬರೆದ ಹಾಗೆ. ಆದರೆ ಅಷ್ಟು ಸುಲಭ ಅಲ್ಲ. ಮೊದಲನೆಯದಾಗಿ, ಔಪಚಾರಿಕ ದೋಷವೋ ಬೇರೆ ಸಾಕಷ್ಟು ಕಾರಣವೋ ಇದೆ ಎಂದು ಕೋರ್ಟಿಗೆ ತೋರಿಸಬೇಕು. ಸಾಕ್ಷ್ಯ ದುರ್ಬಲವಾಯಿತು, ಕ್ರಾಸ್‌ನಲ್ಲಿ, ಅಂದರೆ ಪಾಟಿಸವಾಲಿನಲ್ಲಿ, ಸಾಕ್ಷಿ ತಡವರಿಸಿದರು ಎಂಬುದು ಕಾರಣವಲ್ಲ. ಎರಡನೆಯದಾಗಿ, ತಡೆಯಾಜ್ಞೆ ಆ ದಾವೆಯ ಜೊತೆಗೇ ಹೋಗುತ್ತದೆ. ಹೊಸ ದಾವೆ ಹಾಕಿ ಹೊಸ ತಡೆಯಾಜ್ಞೆ ಸಿಗುವವರೆಗಿನ ನಡುವಿನ ದಿನಗಳಲ್ಲಿ ಕೆಂಪುಕಲ್ಲಿನ ಗೋಡೆ ಏಳುವುದಿಲ್ಲ ಎಂದು ಯಾರು ಹೇಳಬಲ್ಲರು? ಬೇಸಿಗೆ ರಜೆಗೆ ಮೊದಲು ವಾಪಸ್ ಪಡೆಯುವವರಿಗಂತೂ ನಾನು ಬೇಡ ಅಂತಲೇ ಹೇಳುವುದು. ಕೋರ್ಟಿಗೆ ರಜೆ, ಕಲ್ಲು ಕಟ್ಟುವವರಿಗೆ ಮಳೆಗೆ ಮೊದಲು ಮುಗಿಸುವ ಅವಸರ. ಎರಡೂ ಒಂದೇ ಸಮಯಕ್ಕೆ ಬರುತ್ತವೆ.

ಮೂರನೆಯದಾಗಿ, ಕಾಲಮಿತಿ. ಅನುಮತಿ ಸಿಕ್ಕಿ ಹೊಸ ದಾವೆ ಹಾಕಿದರೂ, ಹಳೆಯ ದಾವೆ ಹಾಕಿಯೇ ಇರಲಿಲ್ಲ ಎಂಬಂತೆ ಕಾಲ ಎಣಿಸುತ್ತಾರೆ. ಇದು ಆರ್ಡರ್ 23 ರೂಲ್ 2. ಕೋರ್ಟಿಗೆ ಅಧಿಕಾರವೇ ಇಲ್ಲದ ಕಾರಣ ಅಥವಾ ಅಂಥದೇ ದೋಷಕ್ಕಾಗಿ ಅನುಮತಿ ಸಿಕ್ಕಿದ್ದರೆ ಲಿಮಿಟೇಶನ್ ಕಾಯ್ದೆಯ ಸೆಕ್ಷನ್ 14(3) ಸ್ವಲ್ಪ ಕೈಹಿಡಿಯುತ್ತದೆ, ಅಷ್ಟೇ. ಘೋಷಣೆಗೆ 3 ವರ್ಷ, ದಾವೆ ಹೂಡುವ ಹಕ್ಕು ಮೊದಲ ಸಲ ಹುಟ್ಟಿದ ದಿನದಿಂದ. ಹಕ್ಕಿನ ಆಧಾರದಲ್ಲಿ ಸ್ವಾಧೀನಕ್ಕೆ 12 ವರ್ಷ. ಕ್ರಯದ ಕರಾರು ಜಾರಿಗೆ 3 ವರ್ಷ. ಈ ಗಡುವುಗಳಲ್ಲಿ ಎಷ್ಟು ಉಳಿದಿದೆ ಎಂದು ಕಾಗದದ ಮೇಲೆ ಬರೆಯದೆ ವಾಪಸಾತಿಯ ಮಾತೇ ಎತ್ತಬಾರದು. ಇನ್ನು ಅನುಮತಿ ಕೇಳದೆ ಸುಮ್ನೆ ವಾಪಸ್ ಪಡೆದರೆ ಅದೇ ವಿಷಯಕ್ಕೆ ಮತ್ತೆ ದಾವೆ ಹಾಕುವ ಬಾಗಿಲೇ ಮುಚ್ಚುತ್ತದೆ. ಕಟ್ಟಿದ ಕೋರ್ಟ್ ಶುಲ್ಕವನ್ನು ಹೊಸ ದಾವೆಗೆ ಮತ್ತೆ ಕಟ್ಟಬೇಕು. ಎದುರಿನವರ ಖರ್ಚನ್ನೂ ಕೋರ್ಟ್ ನಿಮ್ಮ ಮೇಲೆ ಹಾಕಬಹುದು.

ಹಾಗಾದರೆ ವಾಪಸಾತಿ ಸರಿಯಾಗುವುದು ಯಾವಾಗ? ತಿದ್ದಿದರೂ ಸರಿಯಾಗದ ದೋಷ ಇದ್ದಾಗ. ಸರ್ಕಾರದ ಮೇಲೆ ದಾವೆ ಹಾಕುವ ಮೊದಲು ಸೆಕ್ಷನ್ 80ರ ನೋಟೀಸ್ ಕೊಟ್ಟು ಎರಡು ತಿಂಗಳು ಕಾಯಬೇಕು. ಅದನ್ನು ಕೊಡದೆಯೇ, ಕೋರ್ಟಿನ ಅನುಮತಿಯನ್ನೂ ಪಡೆಯದೆಯೇ ತಹಶೀಲ್ದಾರರನ್ನು ಪಕ್ಷಗಾರರನ್ನಾಗಿ ಮಾಡಿದ್ದರೆ ತಿದ್ದುಪಡಿಯಿಂದ ಆ ನೋಟೀಸ್ ಹುಟ್ಟಿಬರುವುದಿಲ್ಲ. ಕುಮ್ಕಿ ಜಾಗದ, ಅಂದರೆ ವರ್ಗ ಜಾಗಕ್ಕೆ ಹೊಂದಿಕೊಂಡು ಬಳಕೆಗೆ ಬಿಟ್ಟ ಸರ್ಕಾರಿ ಜಾಗದ, ತಕರಾರುಗಳಲ್ಲಿ ಇದು ಆಗಾಗ ಎದುರಾಗುತ್ತದೆ, ಏಕೆಂದರೆ ಅಲ್ಲಿ ಸರ್ಕಾರವನ್ನು ಬಿಟ್ಟು ದಾವೆ ನಡೆಸುವುದು ಕಷ್ಟ. ದಾವೆ ಹೊಸದು, ತಡೆಯಾಜ್ಞೆ ಸಿಕ್ಕಿಲ್ಲ, ಕಾಲಮಿತಿ ಧಾರಾಳ ಇದೆ, ವಾದಪತ್ರದ ಬುಡವೇ ತಪ್ಪಿದೆ: ಹೀಗಿದ್ದಾಗಲೂ ವಾಪಸ್ ಪಡೆದು ಶುದ್ಧವಾಗಿ ಬರೆಯುವುದೇ ಮೇಲು.

ಬುಡವೇ ತಪ್ಪುವುದು ಅಂದರೆ ಏನು? ಪಾಲಿನ ದಾವೆಯಲ್ಲಿ ಕುಟುಂಬ ಅಳಿಯಸಂತಾನ ಕಟ್ಟಿನದ್ದು ಎಂದು ಬರೆದು, ತಾಯಿಯ ಕಡೆಯ ವಂಶಾವಳಿ ಕೊಟ್ಟು, ಎರಡು ವರ್ಷದ ಮೇಲೆ 'ಅಲ್ಲ, ಮಕ್ಕಳ ಸಂತಾನ' ಎಂದು ತಿದ್ದಲು ಹೊರಟರೆ ಅದು ತಿದ್ದುಪಡಿಯಾಗಿ ಉಳಿಯುವುದಿಲ್ಲ. ಯಾರು ಪಾಲುದಾರರು, ಆಸ್ತಿ ಯಾರ ಮೂಲಕ ಬಂತು, ಎಲ್ಲವೂ ಬದಲಾಗುತ್ತದೆ. ದಾವೆಯ ಸ್ವರೂಪವನ್ನೇ ಬದಲಿಸುವ ತಿದ್ದುಪಡಿ ಬೇಡ ಎಂಬುದು 2009ರ ರೇವಾಜೀತು ಬಿಲ್ಡರ್ಸ್ ತೀರ್ಪಿನ ಅಳತೆಗೋಲುಗಳಲ್ಲಿ ಒಂದು. ಅದರ ಉಳಿದ ಪ್ರಶ್ನೆಗಳೂ ಪ್ರಾಯೋಗಿಕವಾದವೇ. ತಿದ್ದುಪಡಿ ನಿಜಕ್ಕೂ ಬೇಕೇ? ಪ್ರಾಮಾಣಿಕವೇ? ಹಣದಿಂದ ತುಂಬಿಕೊಡಲಾಗದ ನಷ್ಟ ಎದುರಿನವರಿಗೆ ಆಗುತ್ತದೆಯೇ? ಇವತ್ತು ಹೊಸ ದಾವೆ ಹಾಕಿದ್ದರೆ ಕಾಲ ಮೀರಿರುತ್ತಿತ್ತೇ?

ಕೊನೆಯ ಪ್ರಶ್ನೆಗೆ ಹೌದು ಎಂಬ ಉತ್ತರ ಬಂದರೆ ಎಲ್ಲ ಮುಗಿಯಿತು ಎಂದಲ್ಲ. ಕಾಲ ಮೀರಿದೆಯೇ ಎಂಬುದೇ ವಿವಾದವಾಗಿದ್ದರೆ ತಿದ್ದುಪಡಿ ಕೊಟ್ಟು, ಆ ಪ್ರಶ್ನೆಯನ್ನು ಒಂದು ಇಶ್ಯೂ ಆಗಿ ಉಳಿಸುವ ರೂಢಿ ಇದೆ. 2002ರ ಸಂಪತ್ ಕುಮಾರ್ ಪ್ರಕರಣದಲ್ಲಿ 1988ರ ತಡೆಯಾಜ್ಞೆ ದಾವೆಗೆ ಘೋಷಣೆ ಮತ್ತು ಸ್ವಾಧೀನ ಸೇರಿಸಲು 1999ರಲ್ಲಿ ಕೇಳಿದ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ ಒಪ್ಪಿತು. ತಿದ್ದುಪಡಿ ಹಿಂದಿನ ದಿನಾಂಕಕ್ಕೆ ಹೋಗುವುದು ಎಲ್ಲ ಪ್ರಕರಣಕ್ಕೂ ಕಡ್ಡಾಯವಲ್ಲ, ಕೋರ್ಟ್ ಅದನ್ನು ಮಿತಿಗೊಳಿಸಬಹುದು ಎಂದೂ ಹೇಳಿತು. 2022ರ ಎಲ್ಐಸಿ ಮತ್ತು ಸಂಜೀವ್ ಬಿಲ್ಡರ್ಸ್ ಪ್ರಕರಣವಂತೂ 1986ರ ದಾವೆಯದ್ದು. ಮೂರು ದಶಕದ ಮೇಲೆ ನಷ್ಟಪರಿಹಾರದ ಮೊತ್ತ ಹೆಚ್ಚಿಸಲು ಕೇಳಿದ ತಿದ್ದುಪಡಿ ಅಲ್ಲಿ ಸಿಕ್ಕಿತು. ಬರೇ ತಡವಾಯಿತು ಎಂದು ಅರ್ಜಿ ವಜಾ ಮಾಡಬಾರದು ಎಂದಿತು ಕೋರ್ಟ್. ಹಾಗಂತ ಈ ತೀರ್ಪು ತೋರಿಸಿ ಧೈರ್ಯ ಹೇಳುವವರನ್ನು ಪೂರ್ತಿ ನಂಬಬೇಡಿ. ಅದು 2002ಕ್ಕೆ ಮೊದಲಿನ ದಾವೆ ಎಂಬುದನ್ನು ಮರೆಯುವ ಹಾಗಿಲ್ಲ.

ಗೋಡೆ ಈಗಾಗಲೇ ಎದ್ದಿದ್ದರೆ

ದಾವೆ ನಡೆಯುತ್ತಿರುವಾಗಲೇ ಎದುರಿನವರು ಕಟ್ಟಿಬಿಟ್ಟರೆ ನಿಮ್ಮ ಮುಂದೆ ಎರಡು ಆಯ್ಕೆ. ತೆರವಿಗೆ ಕಡ್ಡಾಯ ತಡೆಯಾಜ್ಞೆ ಕೇಳಿ ಇದೇ ದಾವೆ ತಿದ್ದುವುದು, ಇಲ್ಲವೇ ಹೊಸ ದಾವೆ. ಇದು ಹೊಸ ಘಟನೆ, ಮೊದಲೇ ಬರೆಯಲು ಸಾಧ್ಯವೇ ಇರಲಿಲ್ಲ. ಆದ್ದರಿಂದ ರೂಲ್ 17ರ ಷರತ್ತು ಇಲ್ಲಿ ದೊಡ್ಡ ಅಡ್ಡಿಯಲ್ಲ. ಗೋಡೆ ಕಂಡ ವಾರದಲ್ಲೇ ದಿನಾಂಕ ಕಾಣುವಂತೆ ಫೋಟೊ ತೆಗೆದು ಅರ್ಜಿ ಹಾಕಿದರೆ ಗೆಲುವು ಅರ್ಧ ಆದಂತೆ. ತಾತ್ಕಾಲಿಕ ತಡೆಯಾಜ್ಞೆ ಇರುವಾಗಲೇ ಕಟ್ಟಿದ್ದರೆ ಆರ್ಡರ್ 39 ರೂಲ್ 2ಎ ಅರ್ಜಿಯೂ ಬೇಕು. ಅದು ಆಜ್ಞೆ ಮುರಿದದ್ದಕ್ಕೆ, ತಿದ್ದುಪಡಿ ಗೋಡೆ ತೆರವಿಗೆ. ಒಂದು ಹಾಕಿದರೆ ಇನ್ನೊಂದು ಬೇಡ ಎಂದುಕೊಳ್ಳುವವರು ಬಹಳ. ಆಜ್ಞೆ ಮುರಿದವರಿಗೆ ಶಿಕ್ಷೆ ಆಗಿಯೂ, ತೆರವು ಕೇಳದ ಕಾರಣ ಅಂತಿಮ ಡಿಕ್ರಿಯಲ್ಲಿ ಗೋಡೆಯ ಮಾತೇ ಬಾರದೆ ಹೋಗಬಹುದು.

ಹೊಸ ದಾವೆಯ ದಾರಿಯಲ್ಲಿ ಆರ್ಡರ್ 2 ರೂಲ್ 2ರ ಭಯವಿದೆ. ಒಂದೇ ಕಾರಣದಿಂದ ಹುಟ್ಟಿದ ಎಲ್ಲ ಪರಿಹಾರವನ್ನೂ ಒಟ್ಟಿಗೆ ಕೇಳಬೇಕು. ಬಿಟ್ಟದ್ದನ್ನು ಆಮೇಲೆ ಕೇಳಲು ಮೊದಲೇ ಅನುಮತಿ ಪಡೆದಿರಬೇಕು. ಕ್ರಯದ ಕರಾರು ಇಟ್ಟುಕೊಂಡು ಮೊದಲು ಬರೇ ತಡೆಯಾಜ್ಞೆ ದಾವೆ, ಆಮೇಲೆ ಕ್ರಯಪತ್ರಕ್ಕಾಗಿ ಬೇರೆ ದಾವೆ ಹಾಕಿದವರಿಗೆ ವರ್ಗೊ ಇಂಡಸ್ಟ್ರೀಸ್ ಪ್ರಕರಣದಲ್ಲಿ ಎರಡನೆಯ ದಾವೆಯೇ ಉಳಿಯಲಿಲ್ಲ. ಅದೇ ಪರಿಹಾರವನ್ನು ಮೊದಲ ದಾವೆಯಲ್ಲಿ ತಿದ್ದುಪಡಿಯಾಗಿ ಕೇಳಿದರೆ ಆರ್ಡರ್ 2 ರೂಲ್ 2 ಅಡ್ಡ ಬರುವುದಿಲ್ಲ. ಎಲ್ಐಸಿ ತೀರ್ಪು ಇದನ್ನು ಸ್ಪಷ್ಟವಾಗಿ ಹೇಳಿದೆ. ಕಾರಣ ನಿಜಕ್ಕೂ ಬೇರೆ ಇದ್ದರೆ, ಜಾಗವೂ ಬೇರೆ ಇದ್ದರೆ ಹೊಸ ದಾವೆ ಹಾಕಿ, ತೊಂದರೆ ಇಲ್ಲ. ಅನುಮಾನ ಇದ್ದರೆ ತಿದ್ದುಪಡಿ.

ರಿಜಾಯಿಂಡರ್ ಸಾಕೇ?

ರಿಜಾಯಿಂಡರ್ ಅಂದರೆ ಲಿಖಿತ ಹೇಳಿಕೆಗೆ ವಾದಿ ಕೊಡುವ ಮರುಉತ್ತರ. ಲಿಖಿತ ಹೇಳಿಕೆಯಲ್ಲಿ ಬಂದ ಹೊಸ ಮಾತಿಗೆ ಉತ್ತರ ಕೊಡಬೇಕಿದ್ದರೆ ಅದು ಸಾಕು. ಆರ್ಡರ್ 8 ರೂಲ್ 9ರ ಕೆಳಗೆ ಅನುಮತಿ ಕೇಳಬೇಕು, ಕೋರ್ಟ್ 30 ದಿನದೊಳಗಿನ ಸಮಯ ಕೊಡಬಹುದು. ಆದರೆ ಅದರಲ್ಲಿ ಹೊಸ ಪರಿಹಾರ ಕೇಳಲು ಬರುವುದಿಲ್ಲ, ವಾದಪತ್ರಕ್ಕೆ ವಿರುದ್ಧವಾದ ಕಥೆ ಹೇಳಲೂ ಬರುವುದಿಲ್ಲ. 'ನಾವು ಮೂಲಗೇಣಿದಾರರು', ಅಂದರೆ ಶಾಶ್ವತ ಗೇಣಿದಾರರು, ಎಂದು ಎದುರಿನವರು ಹೇಳಿದರೆ, ಆ ಗೇಣಿ ಚೀಟು ಯಾಕೆ ನಿಲ್ಲುವುದಿಲ್ಲ ಎಂದು ರಿಜಾಯಿಂಡರ್‌ನಲ್ಲಿ ಬರೆಯಬಹುದು. ಆ ಚೀಟು ಅನೂರ್ಜಿತ ಎಂಬ ಘೋಷಣೆ ಬೇಕಿದ್ದರೆ ತಿದ್ದುಪಡಿಯೇ ಗತಿ.

ಪ್ರತಿವಾದಿಯ ಕಡೆಯಿಂದ

ಲಿಖಿತ ಹೇಳಿಕೆಯ ತಿದ್ದುಪಡಿಗೆ ಕೋರ್ಟುಗಳು ಸ್ವಲ್ಪ ಸಡಿಲ. ಬಲದೇವ್ ಸಿಂಗ್ (2006), ಉಷಾ ಬಾಳಾಸಾಹೇಬ್ ಸ್ವಾಮಿ (2007) ತೀರ್ಪುಗಳಂತೆ ಪ್ರತಿವಾದಿ ಹೊಸ ಸಮರ್ಥನೆ ಸೇರಿಸಬಹುದು, ಬದಲಿ ನಿಲುವನ್ನೂ ತೆಗೆದುಕೊಳ್ಳಬಹುದು. ವಾದಿಗೆ ಅಷ್ಟು ಸ್ವಾತಂತ್ರ್ಯ ಇಲ್ಲ. ಆದರೆ ಒಮ್ಮೆ ಒಪ್ಪಿಕೊಂಡದ್ದನ್ನು ಅಳಿಸಿ ವಾದಿಯ ಕೈಯಿಂದ ಅದನ್ನು ಕಿತ್ತುಕೊಳ್ಳಲು ಬಿಡುವುದಿಲ್ಲ. 1976ರ ಮೋದಿ ಸ್ಪಿನ್ನಿಂಗ್ ಪ್ರಕರಣದಿಂದಲೂ ಈ ಮಾತು ಇದೆ. ಒಪ್ಪಿಕೊಂಡದ್ದಕ್ಕೆ ವಿವರಣೆ ಸೇರಿಸಬಹುದು, ಅಳಿಸಲಾಗದು.

ಪ್ರತಿದಾವೆ, ಅಂದರೆ ಕೌಂಟರ್ ಕ್ಲೇಮ್, ಬೇರೆ ವಿಷಯ. 2019ರ ಅಶೋಕ್ ಕುಮಾರ್ ಕಾಲ್ರಾ ತೀರ್ಪಿನ ಪ್ರಕಾರ ಲಿಖಿತ ಹೇಳಿಕೆಯ ನಂತರವೂ ಹಾಕಬಹುದು, ಆದರೆ ಸಾಮಾನ್ಯವಾಗಿ ಇಶ್ಯೂ ರಚನೆಯ ನಂತರ ಇಲ್ಲ. ಅಲ್ಲಿಗೆ ಬೇಕಾದವರು ಬೇರೆ ದಾವೆ ಹಾಕಿ ಎರಡನ್ನೂ ಒಟ್ಟಿಗೆ ನಡೆಸಲು ಕೇಳುವುದೇ ಒಳ್ಳೆಯದು.

ದಕ್ಷಿಣ ಕನ್ನಡ, ಉಡುಪಿಯಲ್ಲಿ ವಾದಿಗಳು ಗಮನ ಇಡಬೇಕಾದ ತಿದ್ದುಪಡಿ ಒಂದಿದೆ: ತಡವಾಗಿ ಎತ್ತುವ ಗೇಣಿಯ ಮಾತು. ಭೂಸುಧಾರಣಾ ಕಾಯ್ದೆಯ ಸೆಕ್ಷನ್ 133ರಂತೆ ಒಬ್ಬರು ಗೇಣಿದಾರರೇ ಎಂಬ ಪ್ರಶ್ನೆಯನ್ನು ಸಿವಿಲ್ ಕೋರ್ಟ್ ತಾನೇ ತೀರ್ಮಾನಿಸುವ ಹಾಗಿಲ್ಲ. ಆ ಪ್ರಶ್ನೆ ಬಂದರೆ ದಾವೆ ನಿಂತು ವಿಷಯ ಭೂನ್ಯಾಯ ಮಂಡಳಿಗೆ ಹೋಗುತ್ತದೆ. ಆದ್ದರಿಂದ ಇಂಥ ತಿದ್ದುಪಡಿಗೆ 'ಆಬ್ಜೆಕ್ಷನ್ ಇಲ್ಲ' ಎಂದು ಬರೆದುಕೊಡಬೇಡಿ. 1974ರ ಮಾರ್ಚ್ 1ಕ್ಕೆ ಮೊದಲು ಗೇಣಿ ಇತ್ತೇ, ಗೇಣಿಯ ಜಾಗದ ಹಕ್ಕು ಕೇಳಿ ಮಂಡಳಿಗೆ ಹಾಕುವ ಅರ್ಜಿಯಾದ ಫಾರಂ 7 ಕೊಟ್ಟಿದ್ದರೇ, ಕೊಟ್ಟಿದ್ದರೆ ಏನಾಯಿತು ಎಂದು ಕೇಳಿ.

ಪಾಲಿನ ದಾವೆಗೆ ಬೇರೆ ಲೆಕ್ಕ

ಬಿಟ್ಟುಹೋದ ಆಸ್ತಿ ಸೇರಿಸಲು ಇಲ್ಲಿ ಹೆಚ್ಚು ಹೆದರಬೇಕಾಗಿಲ್ಲ. ಕುಟುಂಬದ ಎಲ್ಲ ಆಸ್ತಿ ಸೇರದಿದ್ದರೆ ಭಾಗಶಃ ಪಾಲು ಎಂಬ ಆಕ್ಷೇಪ ಬರುತ್ತದೆ. ತಿದ್ದುಪಡಿ ಬೇಡ ಎನ್ನುವ ಎದುರಿನವರೇ ಆಮೇಲೆ ಆ ಆಕ್ಷೇಪ ಎತ್ತುವವರು! ವಾಪಸ್ ಪಡೆಯುವ ಅಗತ್ಯವೇ ಇಲ್ಲ. ಹೆಣ್ಣುಮಕ್ಕಳ ಪಾಲಿನ ಪ್ರಮಾಣವೂ ಹಾಗೇ. ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಗಂಡುಮಕ್ಕಳಷ್ಟೇ ಪಾಲು ಎಂದ 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪಿನ ನಂತರ ಬಾಕಿ ಇದ್ದ ದಾವೆಗಳಲ್ಲಿ ಹೆಚ್ಚಿನ ಪಾಲು ಕೇಳಲು ಅವಕಾಶವಾಯಿತು. ಪಾಲಿನ ಪ್ರಮಾಣ ಹೇಳುವ ಪ್ರಾಥಮಿಕ ಡಿಕ್ರಿ ಆಗಿದೆ ಎಂದು ಕೈಬಿಡಬೇಡಿ. ನಮ್ಮ ರಾಜ್ಯದ್ದೇ ಆದ ಪ್ರೇಮಾ ಮತ್ತು ನಂಜೇಗೌಡ ಪ್ರಕರಣದಲ್ಲಿ (2011) ಅಂತಿಮ ಡಿಕ್ರಿಯ ಹಂತದಲ್ಲೂ ಮಗಳ ಪಾಲು ಹೆಚ್ಚಿಸಲು ಸುಪ್ರೀಂ ಕೋರ್ಟ್ ಒಪ್ಪಿದೆ.

ಹಾಗೇ ಬಿಡಬಹುದಾದದ್ದು

ಮನೆಯ ಬಾಗಿಲು ನಂಬರ್ ಬದಲಾಗಿದೆ, ಪಂಚಾಯತ್ ಹೋಗಿ ಪುರಸಭೆ ಬಂದಿದೆ, ಪ್ರತಿವಾದಿಯ ಹೆಸರಿನ ಇನಿಷಿಯಲ್ ತಪ್ಪಿದೆ ಆದರೆ ಆಕ್ಷೇಪ ಬಂದಿಲ್ಲ. ಇಂಥವಕ್ಕೆ ಮೆಮೊ ಹಾಕಿ ಸರಿಪಡಿಸಲು ಕೇಳಿ, ಇಲ್ಲವೇ ಬಿಡಿ. ಚಕ್ಕುಬಂದಿಯನ್ನು ಮಾತ್ರ ಹಾಗೇ ಬಿಡಬೇಡಿ. ಸರ್ವೆ ನಂಬರ್ ಮತ್ತು ಚಕ್ಕುಬಂದಿ ತಾಳೆಯಾಗದ ಡಿಕ್ರಿಯನ್ನು ಜಾರಿ ಮಾಡುವಾಗ ಅಮೀನರು ಜಾಗದಲ್ಲಿ ನಿಂತು ಯಾವ ಕಡೆ ಹೋಗಬೇಕು ಎಂದು ಕೇಳುವ ಸ್ಥಿತಿ ಬರುತ್ತದೆ. ತಪ್ಪು ನಿಮ್ಮ ಕ್ರಯಪತ್ರದಲ್ಲೇ ಇದ್ದು ಅಲ್ಲಿಂದ ವಾದಪತ್ರಕ್ಕೆ ಬಂದಿದ್ದರೆ, ವಾದಪತ್ರ ತಿದ್ದಿದರೆ ಸಾಲದು. ತಿದ್ದುಪಡಿ ಪತ್ರ ನೋಂದಾಯಿಸಬೇಕು. ಮಾರಿದವರು ಒಪ್ಪದಿದ್ದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ ಸೆಕ್ಷನ್ 26ರ ಕೆಳಗೆ ಆ ಪತ್ರವನ್ನೇ ಸರಿಪಡಿಸಲು ಕೇಳಬೇಕು.

ಅರ್ಜಿ ಹೇಗಿರಬೇಕು

ಯಾವ ಪ್ಯಾರಾದ ನಂತರ ಯಾವ ವಾಕ್ಯ ಸೇರಬೇಕು, ಯಾವುದು ಹೋಗಬೇಕು ಎಂದು ಪದಶಃ ಬರೆಯಿರಿ. 'ಸೂಕ್ತ ತಿದ್ದುಪಡಿಗೆ ಅವಕಾಶ ಕೊಡಿ' ಎಂಬ ಅರ್ಜಿ ಅರ್ಜಿಯೇ ಅಲ್ಲ. ತಿದ್ದುಪಡಿಯ ಸಂಗತಿ ನಿಜವೋ ಸುಳ್ಳೋ ಎಂದು ಈ ಹಂತದಲ್ಲಿ ಕೋರ್ಟ್ ನೋಡುವುದಿಲ್ಲ. ಆದ್ದರಿಂದ ಅಫಿಡವಿಟ್‌ನಲ್ಲಿ ಇಡೀ ಪ್ರಕರಣ ವಾದಿಸಬೇಡಿ. ಬೇಕಾದ್ದು ಮೂರು ಮಾತು: ಈ ತಿದ್ದುಪಡಿ ಯಾಕೆ ಬೇಕು, ಮೊದಲೇ ಯಾಕೆ ಆಗಲಿಲ್ಲ, ಎದುರಿನವರಿಗೆ ಯಾಕೆ ನಷ್ಟವಿಲ್ಲ. ಆದೇಶದಲ್ಲಿ ಖರ್ಚು ಕಟ್ಟಲು ಹೇಳಿದ್ದರೆ ಬೇಸರಿಸದೆ ಆ ವಾಯಿದೆಯಲ್ಲೇ ಕಟ್ಟಿ.

ಆದೇಶ ಸಿಕ್ಕಿದ ಖುಷಿಯಲ್ಲಿ ಮರೆಯುವ ವಿಷಯ ರೂಲ್ 18. ಕೋರ್ಟ್ ಗಡುವು ಹೇಳದಿದ್ದರೆ 14 ದಿನದೊಳಗೆ ತಿದ್ದುಪಡಿಯನ್ನು ವಾದಪತ್ರದಲ್ಲಿ ಅಳವಡಿಸಿ ಶುದ್ಧ ಪ್ರತಿ ಕೊಡಬೇಕು. ತಪ್ಪಿದರೆ ಸಮಯ ವಿಸ್ತರಿಸಲು ಮತ್ತೊಂದು ಅರ್ಜಿ. ಆಮೇಲೆ ಎದುರಿನವರು ಹೆಚ್ಚುವರಿ ಲಿಖಿತ ಹೇಳಿಕೆ ಹಾಕುತ್ತಾರೆ, ಹೆಚ್ಚುವರಿ ಇಶ್ಯೂ ಬರುತ್ತದೆ, ಬೇಕಿದ್ದರೆ ಸಾಕ್ಷಿಯನ್ನು ಮತ್ತೆ ಕರೆಯುತ್ತಾರೆ. ಕೆಲವು ತಿಂಗಳು ಹೋಗುವುದು ಖಂಡಿತ. ತಿದ್ದುಪಡಿಯ ನಿಜವಾದ ಬೆಲೆ ಶುಲ್ಕಕ್ಕಿಂತ ಈ ತಿಂಗಳುಗಳೇ.

ಅರ್ಜಿ ವಜಾ ಆದರೆ

ಇಲ್ಲೂ ಎರಡು ಆಯ್ಕೆ. ಈ ಆದೇಶದ ಮೇಲೆ ನೇರ ಅಪೀಲು ಇಲ್ಲ. ಸಂವಿಧಾನದ 227ನೇ ವಿಧಿಯ ಕೆಳಗೆ ಹೈಕೋರ್ಟಿಗೆ ರಿಟ್ ಹಾಕಬಹುದು. ಧಾರವಾಡ, ಕಲಬುರಗಿಗೆ ಪೀಠ ಬಂದರೂ ಕರಾವಳಿಗೆ ಬಂದಿಲ್ಲ. ಹಾಗಾಗಿ ಘಾಟಿ ಹತ್ತಿ ಬೆಂಗಳೂರಿಗೇ ಹೋಗಬೇಕು, ಅಲ್ಲಿ ಇನ್ನೊಬ್ಬ ವಕೀಲರನ್ನು ನೇಮಿಸಬೇಕು. ಇನ್ನೊಂದು ದಾರಿ, ಇಲ್ಲಿ ದಾವೆ ಮುಂದುವರಿಸಿ, ಸೋತರೆ ಅಪೀಲಿನಲ್ಲಿ ಸೆಕ್ಷನ್ 105ರ ಕೆಳಗೆ ಈ ಆದೇಶವನ್ನೂ ಪ್ರಶ್ನಿಸುವುದು. ವಜಾ ಆದದ್ದು ಘೋಷಣೆ, ಸ್ವಾಧೀನದಂಥ ಮೂಲ ಪರಿಹಾರವಾದರೆ ರಿಟ್ ಹಾಕಿ, ಬೇಗ ಹಾಕಿ. ಅದಿಲ್ಲದೆ ಮುಂದಿನ ವಿಚಾರಣೆಗೆ ಅರ್ಥವಿಲ್ಲ. ರಿಟ್ ಹಾಕಿದ ಮಾತ್ರಕ್ಕೆ ಇಲ್ಲಿನ ವಿಚಾರಣೆ ನಿಲ್ಲುವುದಿಲ್ಲ, ತಡೆ ಆದೇಶ ಬೇರೆಯಾಗಿ ಕೇಳಬೇಕು. ವಜಾ ಆದದ್ದು ಒಂದು ಸಂಗತಿಯ ವಿವರಣೆ ಮಾತ್ರ ಆಗಿದ್ದರೆ ಬೆಂಗಳೂರಿನ ಖರ್ಚು ಉಳಿಸಿ. ಇರುವ ವಾದಪತ್ರದೊಳಗೇ ಅದನ್ನು ಎಷ್ಟರಮಟ್ಟಿಗೆ ಹೇಳಿಸಬಹುದು ಎಂದು ಚೀಫ್ ಅಫಿಡವಿಟ್ ಬರೆಯುವಾಗ ನಿಮ್ಮ ವಕೀಲರನ್ನು ಕೇಳಿ.